ಎದೆಯೊಳಗಿನ ತಿದಿ

ಈ ಭಾಷಣವನ್ನು ಧ್ವನಿಮುದ್ರಿಸಿಕೊಳ್ಳುವಾಗ ಗಾಜಿನ ಆಚೆ ಕುಳಿತಿದ್ದವರು ನನ್ನನ್ನು ಎರಡು ಸಲ ತಡೆದರು. “ಮೇಷ್ಟ್ರೇ, ಪ್ರತಿ ವಾಕ್ಯಕ್ಕೂ ಮೊದಲು ನೀವು ಉಸಿರೆಳೆದುಕೊಳ್ಳುವುದು ಕೇಳಿಸುತ್ತಿದೆ, ಮೈಕಿನಿಂದ ಒಂದು ಗೇಣು ಹಿಂದಕ್ಕೆ ಸರಿದು ಕೂತುಕೊಳ್ಳಿ” ಎಂದರು. ಮೂವತ್ತು ವರ್ಷ ತರಗತಿಯಲ್ಲಿ ಗಂಟಲು ಹರಿಯುವಂತೆ ಪಾಠ ಹೇಳಿದ್ದೇನೆ. ನನ್ನ ಉಸಿರಿನ ಸದ್ದು ಪರರಿಗೆ ಕೇಳಿಸುತ್ತದೆಂದು ತಿಳಿದದ್ದು ಅದೇ ಮೊದಲು. ಮಾತಿಗೆ ಆರಿಸಿಕೊಂಡ ವಿಷಯವೇ ಉಸಿರಾದ್ದರಿಂದ, ಅದು ತಾನೂ ನಡುವೆ ಬಾಯಿ ಹಾಕಿತೆಂದು ಸಮಾಧಾನ ಮಾಡಿಕೊಂಡೆ. ಅಚ್ಚಿನಲ್ಲಿ ಓದುತ್ತಿರುವ ನಿಮಗೆ ಆ ತೊಂದರೆಯಿಲ್ಲ.

ಕನ್ನಡ ಪಂಡಿತನಿಗೆ ಶ್ವಾಸಕೋಶದ ಗೊಡವೆ ಏಕೆಂದು ನೀವು ಕೇಳಬಹುದು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರೂ ಇದನ್ನೇ ಕೇಳಿದರು. ನನ್ನ ಕಸುಬೇ ಉಸಿರಿನ ಮೇಲೆ ನಿಂತಿದೆ ಎಂದೆ. ಹಳಗನ್ನಡದಲ್ಲಿ ‘ಉಸಿರ್’ ಎಂಬ ಧಾತುವಿಗೆ ‘ಹೇಳು’ ಎಂಬ ಅರ್ಥವೂ ಉಂಟು. ಇಂದಿಗೂ ‘ಆ ವಿಷಯ ಉಸಿರಬೇಡ’ ಎನ್ನುತ್ತೇವಲ್ಲ, ಅದು ಆ ಹಳೆಯ ಅರ್ಥದ ಉಳಿಕೆ. ವರ್ಣಮಾಲೆಯಲ್ಲಿಯೂ ಅಲ್ಪಪ್ರಾಣ, ಮಹಾಪ್ರಾಣ ಎಂದು ಅಕ್ಷರಗಳನ್ನು ವಿಂಗಡಿಸಿದ್ದು ಉಸಿರಿನ ಲೆಕ್ಕದಿಂದಲೇ. ಅಂಗೈಯನ್ನು ಬಾಯ ಮುಂದೆ ಹಿಡಿದು ‘ಕ’ ಎನ್ನಿ, ಆಮೇಲೆ ‘ಖ’ ಎನ್ನಿ. ಎರಡನೆಯ ಸಲ ಅಂಗೈಗೆ ಬಡಿಯುವ ಗಾಳಿಯೇ ಆ ‘ಮಹಾ’ ಎಂಬ ವಿಶೇಷಣಕ್ಕೆ ಪ್ರಮಾಣ. ಇಷ್ಟು ಸಾಲದೆಂದರೆ ನನಗೆ ಇನ್ನೊಂದು ಕಾರಣವೂ ಇದೆ. ಅದು ಮನೆಯ ಕಾರಣ; ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಪ್ರಶ್ನೆ. ಉಸಿರೆಳೆದಾಗ ಎದೆ ಹಿಗ್ಗುತ್ತದೆ. ಗಾಳಿ ಒಳಗೆ ಬಂದದ್ದರಿಂದ ಎದೆ ಹಿಗ್ಗಿತೋ, ಎದೆ ಹಿಗ್ಗಿದ್ದರಿಂದ ಗಾಳಿ ಒಳಗೆ ಬಂತೋ? ಹತ್ತನೆಯ ತರಗತಿಯಲ್ಲಿ ಈ ಪ್ರಶ್ನೆ ಹಾಕಿದರೆ ಹೆಚ್ಚಿನ ಮಕ್ಕಳು ಮೊದಲನೆಯದೇ ಸರಿ ಎನ್ನುತ್ತಾರೆ. ಚೀಲಕ್ಕೆ ರಾಗಿ ತುಂಬಿದರೆ ಚೀಲ ಉಬ್ಬುವುದಿಲ್ಲವೇ, ಹಾಗೆಯೇ ಇದೂ ಎನ್ನುತ್ತಾರೆ. ದೊಡ್ಡವರಲ್ಲಿಯೂ ಅನೇಕರ ಎಣಿಕೆ ಇದೇ. ನಿಜ ಸಂಗತಿ ಇದಕ್ಕೆ ತಿರುವುಮುರುವು.

ಕುಲುಮೆಯಲ್ಲಿ ಕಮ್ಮಾರನು ತಿದಿ ಒತ್ತುವುದನ್ನು ನೋಡಿದವರಿಗೆ ಇದು ಬೇಗ ತಿಳಿದೀತು. ತಿದಿಯ ಹಿಡಿಯನ್ನು ಅವನು ಎತ್ತುತ್ತಾನೆ. ಮಡಿಸಿದ ಚರ್ಮ ಬಿಚ್ಚಿಕೊಂಡು ಒಳಗಿನ ಜಾಗ ದೊಡ್ಡದಾಗುತ್ತದೆ. ಹೊರಗಿನ ಗಾಳಿ ತಾನಾಗಿ ನುಗ್ಗುತ್ತದೆ. ಯಾರೂ ಅದಕ್ಕೆ ಗಾಳಿ ಊದಲಿಲ್ಲ. ಜಾಗ ಮೊದಲು, ಗಾಳಿ ಆಮೇಲೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಮೇಯೊ ಎಂಬ ವೈದ್ಯನು ಒಂದು ತಿದಿಯೊಳಗೆ ಪ್ರಾಣಿಯ ಮೂತ್ರಕೋಶದ ಚೀಲವೊಂದನ್ನು ಇರಿಸಿ ಇದನ್ನೇ ತೋರಿಸಿದನು. ತಿದಿ ತೆರೆದರೆ ಚೀಲ ಉಬ್ಬುತ್ತಿತ್ತು, ಮುಚ್ಚಿದರೆ ಸೊರಗುತ್ತಿತ್ತು. ನಮ್ಮ ಭಾಷೆ ಮಾತ್ರ ಈ ಪಾಠವನ್ನು ಯಾವ ವೈದ್ಯನಿಂದಲೂ ಕಲಿಯಬೇಕಾಗಿರಲಿಲ್ಲ. ಉಸಿರನ್ನು ‘ಎಳೆದುಕೊಳ್ಳುತ್ತೇವೆ’ ಎಂದೇ ಅದು ಮೊದಲಿನಿಂದ ಹೇಳಿಕೊಂಡು ಬಂದಿದೆ.

ಮೇಯೊನ ಪ್ರಯೋಗವನ್ನು ಮನೆಯಲ್ಲಿಯೇ ಮಾಡಬಹುದು. ತಳ ಕತ್ತರಿಸಿದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಬಾಯಿಯಿಂದ ಒಳಕ್ಕೆ ಒಂದು ಬಲೂನನ್ನು ಇಳಿಬಿಟ್ಟು ಅದರ ಅಂಚನ್ನು ಬಾಟಲಿಯ ಬಾಯಿಗೆ ಮಡಿಸಿ ಕೂರಿಸಿ. ತಳಕ್ಕೆ ಇನ್ನೊಂದು ಬಲೂನಿನ ರಬ್ಬರನ್ನು ಬಿಗಿಯಾಗಿ ಕಟ್ಟಿ. ತಳದ ರಬ್ಬರನ್ನು ಕೆಳಕ್ಕೆ ಜಗ್ಗಿದರೆ ಒಳಗಿನ ಬಲೂನು ಯಾರೂ ಊದದೆ ಹಿಗ್ಗುತ್ತದೆ. ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದ ದಿನ ನಾನು ಇದನ್ನು ತರಗತಿಗೆ ಒಯ್ದೆ. ಅಂದಿನ ಹಳಗನ್ನಡ ಪದ್ಯ ಮರುದಿನಕ್ಕೆ ಹೋಯಿತು.

ನಮ್ಮ ಎದೆಗೂಡಿನ ತಳದಲ್ಲಿ ಆ ರಬ್ಬರಿನ ಜಾಗದಲ್ಲಿರುವುದು ವಪೆ. ಎದೆಗೂ ಹೊಟ್ಟೆಗೂ ನಡುವೆ, ಬೋರಲು ಹಾಕಿದ ಬೋಗುಣಿಯಂತೆ ಕಮಾನಾಗಿ ನಿಂತಿರುವ ತೆಳುವಾದ ಮಾಂಸದ ಹಾಳೆ ಅದು. ಬಿಗಿದುಕೊಂಡಾಗ ಕಮಾನು ತಗ್ಗುತ್ತದೆ. ಸುಮ್ಮನೆ ಕುಳಿತಿರುವಾಗ ಅದು ಇಳಿಯುವುದು ಒಂದು, ಒಂದೂವರೆ ಸೆಂಟಿಮೀಟರು ಮಾತ್ರ. ಅದು ಇಳಿದಾಗ ಕೆಳಗಿರುವ ಕರುಳು, ಜಠರಗಳು ಜಾಗ ಬಿಡಬೇಕಲ್ಲ. ಆದ್ದರಿಂದಲೇ ಮಲಗಿದ ಮಗುವಿನ ಹೊಟ್ಟೆ ಉಸಿರಿನೊಡನೆ ಏರಿ ಇಳಿಯುತ್ತದೆ. ಈ ವಪೆ ಹೇಳಕೇಳದೆ ಥಟ್ಟನೆ ಬಿಗಿದುಕೊಂಡರೆ ಅದೇ ಬಿಕ್ಕಳಿಕೆ. ಯಾರೋ ನೆನೆಸಿಕೊಂಡರೆಂದು ನಾವು ಹೇಳುವುದು ಬೇರೆ ವಿಷಯ. ಅದೇ ಹೊತ್ತಿಗೆ ಹನ್ನೆರಡು ಜೊತೆ ಪಕ್ಕೆಲುಬುಗಳನ್ನು ಅವುಗಳ ನಡುವಣ ಮಾಂಸಖಂಡಗಳು ಮೇಲಕ್ಕೆ ಎತ್ತುತ್ತವೆ. ಬಕೆಟ್ಟಿನ ಪಕ್ಕಕ್ಕೆ ಒರಗಿರುವ ಹಿಡಿಯನ್ನು ಎತ್ತಿದರೆ ಅದು ಮೇಲಕ್ಕೆ ಬರುವುದರ ಜೊತೆಗೆ ಹೊರಕ್ಕೂ ಬಾಗುತ್ತದೆಯಷ್ಟೆ. ಪಕ್ಕೆಲುಬಿನ ರೀತಿಯೂ ಅದೇ.

ಈ ಏರ್ಪಾಟಿನಲ್ಲಿ ಶ್ವಾಸಕೋಶದ ಪಾಲು ಏನು? ಏನೂ ಇಲ್ಲ. ತನ್ನನ್ನು ತಾನು ಹಿಗ್ಗಿಸಿಕೊಳ್ಳುವ ಮಾಂಸಖಂಡ ಅದರಲ್ಲಿಲ್ಲ. ಉಸಿರಾಟದ ಅಂಗವೆಂದು ನಾವು ಹೆಸರಿಡುವ ಅಂಗ, ಉಸಿರಾಟದ ದುಡಿಮೆಯಲ್ಲಿ ಕೇವಲ ಎಳೆದಂತೆ ಹೋಗುವ ಜೊತೆಗಾರ. ಅಷ್ಟೇ ಅಲ್ಲ, ಅದಕ್ಕೆ ಸದಾ ಮುದುಡಿಕೊಳ್ಳುವ ಹಂಬಲ. ಎದೆಯಿಂದ ಹೊರತೆಗೆದರೆ ಗಾಳಿ ಬಿಟ್ಟ ಬಲೂನಿನಂತೆ ಕುಗ್ಗಿಹೋಗುತ್ತದೆ. ಅದನ್ನು ಎದೆಯ ಗೋಡೆಗೆ ಹತ್ತಿಸಿ ಹಿಡಿದಿರುವುದು ಅಂಟೂ ಅಲ್ಲ, ಹೊಲಿಗೆಯೂ ಅಲ್ಲ. ಎರಡು ನಯವಾದ ಪೊರೆಗಳು ಮತ್ತು ಅವುಗಳ ನಡುವೆ ಕೆಲವೇ ಮಿಲಿಲೀಟರು ದ್ರವ. ಒಂದು ಪೊರೆ ಶ್ವಾಸಕೋಶದ ಹೊದಿಕೆ, ಇನ್ನೊಂದು ಎದೆಗೂಡಿನ ಒಳಗಿನ ಹೊದಿಕೆ. ಎರಡು ಗಾಜಿನ ತುಂಡುಗಳನ್ನು ನೀರಿನಲ್ಲಿ ಅದ್ದಿ ಒಂದರ ಮೇಲೊಂದು ಇಟ್ಟು ನೋಡಿ. ಪಕ್ಕಕ್ಕೆ ಸಲೀಸಾಗಿ ಜಾರುತ್ತವೆ; ಬಿಡಿಸಿ ಎತ್ತಲು ಹೋದರೆ ಬರುವುದಿಲ್ಲ. ಎದೆ ಹೊರಕ್ಕೆ ಹೋದರೆ ಶ್ವಾಸಕೋಶವೂ ಹೊರಕ್ಕೆ ಹೋಗಲೇಬೇಕು. ಇರಿತದಿಂದಲೋ ಅಪಘಾತದಿಂದಲೋ ಎದೆಗೆ ತೂತು ಬಿದ್ದು ಆ ಎರಡು ಪೊರೆಗಳ ನಡುವೆ ಗಾಳಿ ಹೊಕ್ಕಿತೆಂದರೆ ಹಿಡಿತ ತಪ್ಪಿ ಆ ಕಡೆಯ ಶ್ವಾಸಕೋಶ ಕುಸಿಯುತ್ತದೆ. ಶ್ವಾಸಕೋಶಕ್ಕೆ ಗಾಯವೇ ಆಗಿರದಿದ್ದರೂ ಹೀಗಾಗಬಹುದು.

ಸುಮ್ಮನಿರುವಾಗ ಈ ತಿದಿಗೆ ಬೇಕಾಗುವ ಸೆಳೆತ ಬಹಳ ಅಲ್ಪ. ಶ್ವಾಸಕೋಶದೊಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಮೆಯಾಗುವುದು ಒಂದು ಸೆಂಟಿಮೀಟರು ನೀರಿನಷ್ಟು. ಎಳನೀರಿಗೆ ಕೊಳವೆ ಹಾಕಿ ಹೀರುವಾಗ ಗೇಣುದ್ದ ನೀರನ್ನು ಮೇಲಕ್ಕೆ ಎಳೆಯುತ್ತೇವೆ. ಉಸಿರಿಗೆ ಅದರ ಒಂದು ಚೂರು ಸಾಕು. ಆ ಚೂರು ಸೆಳೆತಕ್ಕೆ ಅರ್ಧ ಲೀಟರು ಗಾಳಿ ಬರುತ್ತದೆ. ನಮ್ಮ ಹಳೆಯ ಯೋಗಗ್ರಂಥಗಳಲ್ಲಿ ಮನುಷ್ಯನಿಗೆ ಹಗಲಿರುಳು ಸೇರಿ ೨೧,೬೦೦ ಉಸಿರೆಂಬ ಲೆಕ್ಕವಿದೆ. ಭಾಗಿಸಿ ನೋಡಿ, ನಿಮಿಷಕ್ಕೆ ಹದಿನೈದಾಯಿತು. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ನಿಮಿಷಕ್ಕೆ ೧೨ರಿಂದ ೨೦ ಎಂಬುದು ಇಂದಿನ ವೈದ್ಯರ ಎಣಿಕೆ. ಗಡಿಯಾರವಿಲ್ಲದ ಕಾಲದವರು ಎಣಿಸುವುದರಲ್ಲಿ ನಮಗೇನೂ ಕಡಮೆಯಾಗಿರಲಿಲ್ಲ. ಉಸಿರಿಗೆ ಅರ್ಧ ಲೀಟರಿನಂತೆ ದಿನಕ್ಕೆ ಹತ್ತು ಸಾವಿರ ಲೀಟರಿಗೆ ಮೇಲಾಯಿತು. ಬೇಸಗೆಯಲ್ಲಿ ಬೀದಿಗೆ ಬರುವ ನೀರಿನ ಟ್ಯಾಂಕರಿನ ಲೆಕ್ಕದಲ್ಲಿ ಹೆಚ್ಚುಕಡಮೆ ಎರಡು.

ಉಸಿರು ಬಿಡುವುದಕ್ಕೆ ಸಾಮಾನ್ಯವಾಗಿ ಯಾವ ದುಡಿಮೆಯೂ ಬೇಡ. ಮುದುಡುವ ಹಂಬಲವುಳ್ಳ ಶ್ವಾಸಕೋಶವನ್ನು ಹಿಗ್ಗಿಸಿ ಹಿಡಿದಿದ್ದೆವು. ಕೈಬಿಟ್ಟರೆ ಅದು ತಾನಾಗಿ ಕುಗ್ಗುತ್ತದೆ. ದುಡಿಮೆ ಬೀಳುವುದು ಕೆಮ್ಮುವಾಗ, ಓಡುವಾಗ ಮತ್ತು ನನ್ನಂಥವರು ಮಾತನಾಡುವಾಗ. ಮಾತೆಲ್ಲ ಹೊರಹೋಗುವ ಉಸಿರಿನ ಮೇಲೆ ಮಾಡಿದ ಕೆತ್ತನೆ. ಒಳ್ಳೆಯ ಗಮಕಿ ಒಂದು ಪದ್ಯವನ್ನು ಒಂದೇ ಉಸಿರಿನಲ್ಲಿ ದಡ ಮುಟ್ಟಿಸುವುದು ಹೆಚ್ಚು ಗಾಳಿ ತುಂಬಿಕೊಂಡದ್ದರಿಂದ ಮಾತ್ರವಲ್ಲ. ಕುಗ್ಗಲು ಅವಸರಪಡುವ ಎದೆಯನ್ನು ತಡೆತಡೆದು ಬಿಡುವುದರಿಂದ. ಎಷ್ಟೇ ಒತ್ತಿ ಉಸಿರು ಬಿಟ್ಟರೂ ವಯಸ್ಕರ ಎದೆಯಲ್ಲಿ ಒಂದು ಲೀಟರಿಗೂ ಸ್ವಲ್ಪ ಹೆಚ್ಚು ಗಾಳಿ ಉಳಿದೇ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಶ್ವಾಸಕೋಶ ಪೂರ್ತಿ ಬರಿದಾಗುವುದಿಲ್ಲ, ಬರಿದಾಗಲೂ ಬಾರದು.

ಒಳಹೊಕ್ಕ ಗಾಳಿಯ ದಾರಿ ತಲೆಕೆಳಗಾದ ಮರದಂತಿದೆ. ಶ್ವಾಸನಾಳವೆಂಬ ಕಾಂಡ ಎರಡಾಗಿ ಕವಲೊಡೆಯುತ್ತದೆ, ಅವು ಮತ್ತೆ ಎರಡೆರಡಾಗಿ, ಹೀಗೆ ಸುಮಾರು ಇಪ್ಪತ್ತಮೂರು ಸಲ. ಕೊನೆಯಲ್ಲಿ ಎಲೆಗಳ ಜಾಗದಲ್ಲಿ ಸಣ್ಣ ಸಣ್ಣ ಗಾಳಿಗೂಡುಗಳು. ಒಂದೊಂದರ ಅಗಲ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲು. ಇಟಲಿಯ ಮಾಲ್ಪೀಗಿ ಎಂಬಾತನು ೧೬೬೧ರಲ್ಲಿ ಇವುಗಳನ್ನೂ, ಕಪ್ಪೆಯ ಶ್ವಾಸಕೋಶದಲ್ಲಿ ಇವುಗಳ ಗೋಡೆಯ ಮೇಲೆ ಹರಿಯುವ ಕೂದಲಿಗಿಂತ ಸಣ್ಣ ರಕ್ತನಾಳಗಳನ್ನೂ ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದನು. ವಯಸ್ಕನೊಬ್ಬನಲ್ಲಿ ಇಂಥ ಗೂಡುಗಳು ಮೂವತ್ತು ಕೋಟಿಗೆ ಕಡಮೆಯಿಲ್ಲ. ೨೦೦೪ರಲ್ಲಿ ಪ್ರಕಟವಾದ ಒಂದು ಎಣಿಕೆಯಲ್ಲಿ ಸರಾಸರಿ ನಲವತ್ತೆಂಟು ಕೋಟಿ. ಎಲ್ಲವನ್ನೂ ಬಿಚ್ಚಿ ಹಾಸಿದರೆ ಒಂದು ಷಟಲ್ ಬ್ಯಾಡ್‌ಮಿಂಟನ್ ಅಂಕಣವನ್ನು ಬಹುಪಾಲು ಮುಚ್ಚೀತು. ಅಲ್ಲಿ ರಕ್ತವು ಆಮ್ಲಜನಕವನ್ನು ಪಡೆದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಒಳಗೆ ಬರುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ೨೧ ಪಾಲು, ಹೊರಹೋಗುವಾಗ ಸುಮಾರು ೧೬. ಈ ಕೊಡುಕೊಳೆಯ ವಿಚಾರವನ್ನು ಮಕ್ಕಳ ಪಠ್ಯಪುಸ್ತಕದಲ್ಲಿ ಚೆನ್ನಾಗಿ ಬರೆದಿದ್ದಾರೆ. ನಾನು ಮತ್ತೆ ಹೇಳುವುದಿಲ್ಲ. ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿಗೆ ಬರುತ್ತೇನೆ.

ಗಾಳಿಗೂಡಿನ ಒಳಗೋಡೆ ಒದ್ದೆಯಾಗಿದೆ. ಒದ್ದೆ ಗೋಡೆಯುಳ್ಳ ಸಣ್ಣ ಗೂಡೆಂದರೆ ನೀರಿನ ಗುಳ್ಳೆ ಎಂದೇ ತಿಳಿಯಿರಿ. ನೀರಿನ ಮೇಲ್ಮೈಗೆ ಬಿಗಿದುಕೊಳ್ಳುವ ಗುಣವಿದೆ. ಎಲೆಯ ಮೇಲೆ ಬಿದ್ದ ಹನಿ ಗುಂಡಗಾಗುವುದು ಅದರಿಂದಲೇ. ಗುಳ್ಳೆ ಸಣ್ಣದಾದಷ್ಟೂ ಆ ಬಿಗಿತ ಅದನ್ನು ಮುಚ್ಚಿಬಿಡಲು ಹೆಚ್ಚು ಬಲವಾಗಿ ಒತ್ತುತ್ತದೆ. ಹೊಸ ಬಲೂನು ಊದುವಾಗ ಮೊದಲ ಊದಿಗೆ ಕೆನ್ನೆ ನೋಯುತ್ತದೆ, ಸ್ವಲ್ಪ ಉಬ್ಬಿದ ಮೇಲೆ ಸಲೀಸು. ಇಲ್ಲಿಯೂ ಹಾಗೆಯೇ. ಮುಚ್ಚಿಕೊಂಡ ಗೂಡನ್ನು ತೆರೆಯುವುದು ಬಲು ಕಷ್ಟ, ಅರೆತೆರೆದಿರುವುದನ್ನು ಹಿಗ್ಗಿಸುವುದು ಸುಲಭ. ಹಾಗಿದ್ದರೆ ಪ್ರತಿ ಸಲ ಉಸಿರು ಬಿಟ್ಟಾಗಲೂ ಕೋಟಿಗಟ್ಟಲೆ ಗೂಡುಗಳು ಮುಚ್ಚಿಕೊಳ್ಳಬೇಕಾಗಿತ್ತು. ಏಕೆ ಮುಚ್ಚಿಕೊಳ್ಳುವುದಿಲ್ಲ?

೧೯೨೯ರಲ್ಲಿ ಕೂರ್ಟ್ ಫೋನ್ ನೇರ್ಗಾರ್ಡ್ ಎಂಬ ವೈದ್ಯನು ಶ್ವಾಸಕೋಶವನ್ನು ಗಾಳಿಯಿಂದ ಹಿಗ್ಗಿಸುವುದಕ್ಕಿಂತ ದ್ರವದಿಂದ ಹಿಗ್ಗಿಸುವುದು ಬಹಳ ಸುಲಭವೆಂದು ಕಂಡನು. ದ್ರವ ತುಂಬಿದರೆ ಗುಳ್ಳೆಯೂ ಇಲ್ಲ, ಅದರ ಬಿಗಿತವೂ ಇಲ್ಲ. ಆದ್ದರಿಂದ ಶ್ವಾಸಕೋಶದ ಮುದುಡುವ ಹಂಬಲದಲ್ಲಿ ದೊಡ್ಡ ಪಾಲು ಈ ಬಿಗಿತದ್ದೇ ಎಂದಾಯಿತು. ಬಹುಕಾಲ ಯಾರೂ ಆ ಮಾತಿಗೆ ಕಿವಿಗೊಡಲಿಲ್ಲ. ೧೯೫೦ರ ದಶಕದಲ್ಲಿ ಪ್ಯಾಟಲ್, ಕ್ಲೆಮೆಂಟ್ಸ್ ಮೊದಲಾದವರು ಗಾಳಿಗೂಡಿನ ಗೋಡೆಯ ಮೇಲೆ ಒಂದು ಪದಾರ್ಥ ಲೇಪವಾಗಿರುವುದನ್ನು ತೋರಿಸಿಕೊಟ್ಟರು. ಹೆಚ್ಚುಪಾಲು ಕೊಬ್ಬಿನ ಜಾತಿಯ ಈ ಲೇಪಕ್ಕೆ ಸರ್ಫ್ಯಾಕ್ಟೆಂಟ್ ಎಂದು ಹೆಸರು. ಸಾಬೂನು ನೀರಿಗೆ ಮಾಡುವುದನ್ನು ಇದು ಗೂಡಿನ ತೇವಕ್ಕೆ ಮಾಡುತ್ತದೆ, ಬಿಗಿತವನ್ನು ಸಡಿಲಿಸುತ್ತದೆ. ಗೂಡು ಸಣ್ಣದಾಗುತ್ತ ಬಂದಂತೆ ಲೇಪ ಒತ್ತಾಗಿ ಇನ್ನಷ್ಟು ಸಡಿಲಿಸುತ್ತದೆ. ಆದ್ದರಿಂದ ಗೂಡು ಮುಚ್ಚಿಹೋಗದೆ ಅರೆತೆರೆದು ನಿಲ್ಲುತ್ತದೆ.

ಆದರೂ ಅಲ್ಲೊಂದು ಇಲ್ಲೊಂದು ಗೂಡು ಮುಚ್ಚಿಕೊಳ್ಳುತ್ತಲೇ ಇರುತ್ತದೆ. ಅದಕ್ಕೆ ದೇಹ ಕಂಡುಕೊಂಡಿರುವ ಉಪಾಯ ನಿಟ್ಟುಸಿರು. ನಿಡಿದಾದ ಉಸಿರು ನಿಟ್ಟುಸಿರು, ಉದ್ದನೆಯ ಉಸಿರು. ಅದನ್ನು ದುಃಖಕ್ಕೂ ವಿರಹಕ್ಕೂ ಮೀಸಲೆಂದು ನಮ್ಮ ಕವಿಗಳು ತಿಳಿದಂತಿದೆ. ನಿಜವಾಗಿ ನೋಡಿದರೆ ಯಾವ ವಿರಹವೂ ಇಲ್ಲದವರು ಸಹ ತಮಗೆ ತಿಳಿಯದಂತೆ ಸುಮಾರು ಐದು ನಿಮಿಷಕ್ಕೊಮ್ಮೆ ನಿಟ್ಟುಸಿರಿಡುತ್ತಾರೆ. ಸಾಮಾನ್ಯ ಉಸಿರಿನ ಇಮ್ಮಡಿ ಗಾಳಿ ಆಗ ಒಳಹೊಕ್ಕು ಮುಚ್ಚಿದ ಗೂಡುಗಳನ್ನು ತೆರೆಯುತ್ತದೆ. ನಾನು ಇದನ್ನು ಓದಿದ ದಿನ ಸ್ಟಾಫ್ ರೂಮಿನಲ್ಲಿ ಗಡಿಯಾರ ಇಟ್ಟುಕೊಂಡು ಸಹೋದ್ಯೋಗಿಯೊಬ್ಬರನ್ನು ಗಮನಿಸಿದೆ. ಉತ್ತರಪತ್ರಿಕೆ ತಿದ್ದುತ್ತಿದ್ದರಾದ್ದರಿಂದ ಲೆಕ್ಕ ಸ್ವಲ್ಪ ಹೆಚ್ಚೇ ಬಂತು.

ಈ ಲೇಪ ಹುಟ್ಟಿನಿಂದ ಬಂದದ್ದಾದರೂ ಗರ್ಭದಲ್ಲಿ ಮೊದಲಿನಿಂದ ಇರುವುದಿಲ್ಲ. ಬಸಿರಿನಲ್ಲಿ ಮಗುವಿನ ಶ್ವಾಸಕೋಶ ದ್ರವದಿಂದ ತುಂಬಿರುತ್ತದೆ. ಆಮ್ಲಜನಕವೆಲ್ಲ ತಾಯಿಯ ರಕ್ತದಿಂದ. ಲೇಪ ತಯಾರಾಗತೊಡಗುವುದು ಆರನೆಯ ತಿಂಗಳ ಸುಮಾರಿಗೆ. ಸಾಕಷ್ಟು ಕೂಡಿಬರುವುದು ಮೂವತ್ತನಾಲ್ಕು ಮೂವತ್ತೈದನೆಯ ವಾರದ ಹೊತ್ತಿಗೆ. ಹುಟ್ಟಿದೊಡನೆ ಮಗು ಎಳೆದುಕೊಳ್ಳುವ ಮೊದಲ ಉಸಿರಿಗೆ ನಮ್ಮ ಒಂದು ಸೆಂಟಿಮೀಟರಿನ ಸೆಳೆತ ಸಾಲದು, ಹತ್ತಾರು ಸೆಂಟಿಮೀಟರು ಬೇಕು. ಲೇಪವಿದ್ದರೆ ಎರಡನೆಯ ಉಸಿರಿಗೆ ಅಷ್ಟು ಕಷ್ಟವಿಲ್ಲ. ಲೇಪ ಸಾಲದಿದ್ದರೆ ಪ್ರತಿ ಉಸಿರೂ ಮೊದಲ ಉಸಿರೇ.

ಈಗ ಮನೆಯ ಕಾರಣಕ್ಕೆ ಬರುತ್ತೇನೆ. ೧೯೭೯ರಲ್ಲಿ ನಾನು ಒಂಬತ್ತು ವರ್ಷದ ಹುಡುಗ. ತಿಪಟೂರಿನ ಕಡೆಯ ಹಳ್ಳಿಯೊಂದರಲ್ಲಿ, ಅಜ್ಜಿಯ ಮನೆಯಲ್ಲಿ, ನನ್ನ ತಾಯಿಗೆ ಏಳನೆಯ ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಮಗು. “ಎಂಟು ತಿಂಗಳದ್ದಾದರೆ ಉಳಿಯಲ್ಲ, ಏಳು ತಿಂಗಳದ್ದು ಉಳಿಯುತ್ತೆ” ಎಂದು ಸೂಲಗಿತ್ತಿ ಧೈರ್ಯ ಹೇಳಿದಳು. ಇದು ಹಲವು ದೇಶಗಳಲ್ಲಿ ಹಿಂದಿನಿಂದ ಬಂದ ನಂಬಿಕೆ, ನಿಜವಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಲಾಭವೇ. ಬೆಳಗ್ಗೆ ಹುಟ್ಟಿದ ತಂಗಿಯನ್ನು ಸಂಜೆ ನನಗೆ ತೋರಿಸಿದರು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಹೊಗೆ. ಮಗು ಉಸಿರೆಳೆದಾಗ ಎದೆ ಹಿಗ್ಗುವ ಬದಲು ಪಕ್ಕೆಲುಬುಗಳ ನಡುವಣ ಚರ್ಮ ಒಳಕ್ಕೆ ಹೋಗುತ್ತಿತ್ತು. ಉಸಿರು ಬಿಟ್ಟಾಗ ಸಣ್ಣಗೆ ಮುಲುಕುತ್ತಿತ್ತು. ಮರುದಿನ ಮಗು ಉಸಿರಿಗೆ ಒದ್ದಾಡುವುದನ್ನು ನೋಡಲಾರದೆ ಅಮ್ಮ ಎದ್ದುಹೋಗಿ ಕಿಟಕಿ ತೆರೆದಳು, ಹೊಗೆ ಹೋಗಲಿ ಎಂದು. ಸಂಜೆಯ ಹೊತ್ತಿಗೆ ಮಗು ಹೋಯಿತು. ಮನೆಯ ಹಿರಿಯರು “ಗಾಳಿ ಸೋಕಿತು, ಕಿಟಕಿ ತೆಗೆದದ್ದರಿಂದ ಹೀಗಾಯಿತು” ಎಂದರು. ಹೇಳಿದವರು ಕೆಟ್ಟವರಲ್ಲ. ಆದರೆ ಆ ಮಾತು ನಮ್ಮ ಮನೆಯಲ್ಲಿ ನಲವತ್ತಮೂರು ವರ್ಷ ಉಳಿಯಿತು. ರಾತ್ರಿ ಎಂಥ ಸೆಕೆಯಿದ್ದರೂ ಅಮ್ಮ ಮಲಗುವ ಕೋಣೆಯ ಕಿಟಕಿ ಮುಚ್ಚಿಯೇ ಇರುತ್ತಿತ್ತು.

ಇಂಥ ಮಕ್ಕಳಿಗೆ ಆಗುವುದೇನೆಂದು ತಿಳಿದದ್ದು ೧೯೫೯ರಲ್ಲಿ. ಅಮೆರಿಕದ ಬಾಸ್ಟನ್ನಿನಲ್ಲಿ ಮೇರಿ ಎಲೆನ್ ಏವರಿ ಎಂಬ ವೈದ್ಯೆ, ಜೆರೆ ಮೀಡ್ ಅವರೊಡನೆ, ಹೀಗೆ ತೀರಿಕೊಂಡ ಮಕ್ಕಳ ಶ್ವಾಸಕೋಶದಲ್ಲಿ ಬಿಗಿತ ಸಡಿಲಿಸುವ ಆ ಲೇಪದ ಕೊರತೆಯಿರುವುದನ್ನು ಕಂಡರು. ಕಾರಣ ತಿಳಿದರೂ ಮದ್ದು ಇರಲಿಲ್ಲ. ೧೯೬೩ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರಿಗೆ ಐದೂವರೆ ವಾರ ಮೊದಲು ಹುಟ್ಟಿದ ಗಂಡು ಮಗು ಪ್ಯಾಟ್ರಿಕ್ ಎರಡು ದಿನ ತುಂಬುವ ಮೊದಲೇ ಇದೇ ತೊಂದರೆಯಿಂದ ತೀರಿಕೊಂಡಿತು. ತಂದೆಯ ಅಧಿಕಾರವೂ ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯೂ ಅದನ್ನು ಉಳಿಸಲಾಗಲಿಲ್ಲ. ೧೯೭೧ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರೆಗರಿ ಮತ್ತು ಸಂಗಡಿಗರು ಗಾಳಿಯನ್ನು ತುಸು ಒತ್ತಡದಲ್ಲಿ ಎಡೆಬಿಡದೆ ಕೊಡುವ ಉಪಾಯವನ್ನು ಪ್ರಕಟಿಸಿದರು. ೧೯೭೨ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, ದಿನ ತುಂಬುವ ಮೊದಲು ಹೆರಿಗೆಯಾಗುವಂತಿದ್ದರೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದರಿಂದ ಮಗುವಿನ ಶ್ವಾಸಕೋಶ ಬೇಗ ಪಕ್ವವಾಗುತ್ತದೆಂದು ತೋರಿಸಿದರು. ಲೇಪವನ್ನೇ ಹೊರಗಿನಿಂದ ಒದಗಿಸಿ ಮಕ್ಕಳನ್ನು ಉಳಿಸಿದ್ದು ಜಪಾನಿನ ಫುಜಿವಾರಾ. ದನದ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟನ್ನು ಹತ್ತು ಮಕ್ಕಳ ಶ್ವಾಸನಾಳಕ್ಕೆ ಬಿಟ್ಟ ವೃತ್ತಾಂತವನ್ನು ಅವರು ಪ್ರಕಟಿಸಿದ್ದು ೧೯೮೦ರಲ್ಲಿ.

ಈ ಇಸವಿಗಳನ್ನು ನಾನು ಬಾಯಿಪಾಠ ಮಾಡಿದ್ದು ೨೦೨೨ರಲ್ಲಿ. ಆ ವರ್ಷ ನನ್ನ ಮಗಳಿಗೆ ಮೂವತ್ತೊಂದನೆಯ ವಾರದಲ್ಲಿ ಹೆರಿಗೆಯಾಯಿತು. ನೋವು ಕಾಣಿಸಿಕೊಂಡ ದಿನವೇ ಆಸ್ಪತ್ರೆಗೆ ಹೋದದ್ದರಿಂದ ಚುಚ್ಚುಮದ್ದು ಕೊಡಲು ಸಮಯ ಸಿಕ್ಕಿತು. ಮತ್ತೆ ಹೆಣ್ಣು ಮಗು, ೧,೪೦೦ ಗ್ರಾಂ. ಅಂದು ರಾತ್ರಿ ಕೈ ತೊಳೆಸಿ, ಗೌನು ತೊಡಿಸಿ ಅಮ್ಮನನ್ನು ಐದು ನಿಮಿಷ ಒಳಗೆ ಬಿಟ್ಟರು. ಹೊರಗೆ ಬಂದವಳು, “ಇದೂ ಹಾಗೇ ಮುಲುಕ್ತಾ ಇದೆ ಕಣಪ್ಪ” ಎಂದು ಬೆಂಚಿನ ಮೇಲೆ ಕುಳಿತುಬಿಟ್ಟಳು.

ಆ ಮುಲುಕು ನೋವಿನದಲ್ಲವೆಂದು ಮಕ್ಕಳ ಡಾಕ್ಟರು ನನಗೆ ಹೇಳಿದರು. ಉಸಿರು ಪೂರ್ತಿ ಹೊರಹೋದರೆ ಗೂಡುಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಮಗು ಗಂಟಲನ್ನು ಅರೆಮುಚ್ಚಿ ಗಾಳಿಯನ್ನು ಒಳಗೇ ತಡೆದುಕೊಳ್ಳಲು ನೋಡುತ್ತದೆ. ಹುಟ್ಟಿ ಕೆಲವೇ ಗಂಟೆಯಾದ ಕೂಸಿಗೆ ಇದನ್ನು ಯಾರು ಕಲಿಸಿದರೋ! ಆಸ್ಪತ್ರೆಯ ಯಂತ್ರವೂ ಅದನ್ನೇ ಮಾಡುತ್ತಿತ್ತು. ಮಗುವಿನ ಮೂಗಿಗೆ ಸಣ್ಣ ನಳಿಗೆ ಹಾಕಿ ಗಾಳಿ ಕೊಡುತ್ತಿದ್ದರು; ಹೊರಹೋಗುವ ಕೊಳವೆಯ ತುದಿ ಒಂದು ಬಾಟಲಿ ನೀರಿನಲ್ಲಿ ಐದು ಸೆಂಟಿಮೀಟರು ಮುಳುಗಿತ್ತು. ಉಸಿರು ಹೊರಹೋಗಬೇಕಾದರೆ ಆ ಐದು ಸೆಂಟಿಮೀಟರು ನೀರನ್ನು ತಳ್ಳಿಕೊಂಡೇ ಹೋಗಬೇಕು. ಅಷ್ಟು ಒತ್ತಡ ಎದೆಯಲ್ಲಿ ಸದಾ ಉಳಿಯುತ್ತದೆ. ಬಾಟಲಿಯಲ್ಲಿ ಗುಳುಗುಳು ಎಂದು ಗುಳ್ಳೆ ಏಳುತ್ತಿದ್ದವು. ಮರುದಿನ ಬೆಳಗಿನ ಜಾವ ಸಣ್ಣ ನಾಳದಲ್ಲಿ ಆ ಮದ್ದನ್ನು ಶ್ವಾಸನಾಳಕ್ಕೆ ಬಿಟ್ಟರು. ನೋಡಲು ಹಾಲಿನಂತಿತ್ತು, ಒಂದು ಒಳಲೆಯಷ್ಟೂ ಇರಲಿಲ್ಲ.

ಮಧ್ಯಾಹ್ನ ಬೆಂಚಿನ ಮೇಲೆ ಕುಳಿತು ಅಮ್ಮನಿಗೆ ಇದನ್ನೆಲ್ಲ ನನಗೆ ತಿಳಿದಂತೆ ಹೇಳಿದೆ. ಬಲೂನಿನ ಮಾತು ಹೇಳಿದೆ, ಸಾಬೂನಿನ ಮಾತು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಆಗ ಈ ಔಷಧಿ ಇರಲಿಲ್ವಾ?” ಎಂದಳು.

“ಎಲ್ಲೂ ಇರಲಿಲ್ಲ ಅಮ್ಮ. ಅಮೆರಿಕಾದಲ್ಲೂ ಇರಲಿಲ್ಲ. ಮಾರನೇ ವರ್ಷ ಜಪಾನಿನಲ್ಲಿ ಬಂತು.”

“ಮತ್ತೆ ಕಿಟಕಿ?”

ಎಳೆಗೂಸನ್ನು ಬೆಚ್ಚಗಿಡಬೇಕೆಂಬುದು ನಿಜ. ಅದನ್ನು ಡಾಕ್ಟರೂ ಹೇಳುತ್ತಾರೆ. ಆದರೆ ಹಿಂದಿನ ದಿನ ಸಂಜೆಯೇ, ಕಿಟಕಿ ಮುಚ್ಚಿದ್ದಾಗಲೇ, ಆ ಎದೆ ಒಳಕ್ಕೆ ಹೋಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಒಂಬತ್ತು ವರ್ಷದ ಹುಡುಗನನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳಿದೆ. ಅಮ್ಮ ಏನೂ ಆಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಸಲ ಒಳಗೆ ಬಿಡುತ್ತಾರೇನೋ ಕೇಳು ಎಂದಳು.

ಸಂಜೆ ಬಿಟ್ಟರು, ನಾನೂ ಜೊತೆಗೆ ಹೋದೆ. ನರ್ಸಮ್ಮ ಮಗುವಿನ ಮೇಲಿದ್ದ ಬಟ್ಟೆಯನ್ನು ಒಂದು ಕ್ಷಣ ಸರಿಸಿ ತೋರಿಸಿದಳು. ಬಾಟಲಿ ಗುಳುಗುಡುತ್ತಿತ್ತು, ಮುಲುಕು ನಿಂತಿತ್ತು. ಅಮ್ಮ ಬಗ್ಗಿ, ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತ, ಆ ಪುಟ್ಟ ಪಕ್ಕೆಗಳನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಒಳಕ್ಕೆ ಹೋಗ್ತಾ ಇಲ್ಲ ಕಣೋ” ಎಂದಳು.